ಪ್ಲಾಸ್ಟಿಕ್ ಲೋಯರ್ ಕೊಳ್ಳಬೇಕಾ? ಕಡಿಮೆ ಖರ್ಚಿನಲ್ಲಿ ಎಆರ್-15 ಜೋಡಿಸುವ ಮುನ್ನ ನೋಡಬೇಕಾದ್ದು

ಕಳೆದ ಬೇಸಿಗೆಯಲ್ಲಿ ಗೆಳೆಯನೊಬ್ಬನ ಎಆರ್-15 ರೈಫಲ್ ಶೂಟಿಂಗ್ ರೇಂಜಿನ ಬೆಂಚಿನಿಂದ ಜಾರಿ ಬಿತ್ತು. ಸೊಂಟದಷ್ಟು ಎತ್ತರ, ಕೆಳಗೆ ಕಾಂಕ್ರೀಟ್ ನೆಲ. ಪುಣ್ಯಕ್ಕೆ ಒಳಗೆ ತೋಟಾ ಇರಲಿಲ್ಲ. ಎತ್ತಿ ನೋಡಿದರೆ ಭುಜಕ್ಕೆ ಆನಿಸುವ ಹಿಂಭಾಗ ಕತ್ತು ಮುರಿದ ಕೋಳಿಯ ಹಾಗೆ ಜೋತು ಬಿದ್ದಿತ್ತು. ಅಲ್ಯೂಮಿನಿಯಂ ಭಾಗಕ್ಕೆ ಒಂದು ಗೀರೂ ಇಲ್ಲ, ನಳಿಗೆ ನೆಟ್ಟಗಿದೆ, ಒಡೆದದ್ದು ಒಂದೇ ಜಾಗ: ಪ್ಲಾಸ್ಟಿಕ್ ಲೋಯರ್‌ನ (ರೈಫಲ್‌ನ ಕೆಳಗಿನ ಅರ್ಧ) ಹಿಂದಿನ ಬಳೆ. ಆ ಲೋಯರ್ ಕೊಳ್ಳುವಾಗ ಅವನು ಉಳಿಸಿದ್ದು 15 ಡಾಲರ್.

ಅವತ್ತಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇಲ್ಲಿ ಟೆಕ್ಸಾಸ್‌ನಲ್ಲಿ ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಶನಿವಾರ ಗುರಿ ಹೊಡೆಯಲು ಹೋಗುವ ನಮ್ಮವರು ಕೆಲವರಿದ್ದಾರೆ. ಬಾಡಿಗೆ ರೈಫಲ್ ಸಾಕಾದ ಮೇಲೆ ಬಿಡಿಭಾಗ ಕೊಂಡು ತಾವೇ ಒಂದು ಜೋಡಿಸುವ ಆಸೆ ಹುಟ್ಟುತ್ತದೆ. ದುಡ್ಡು ಉಳಿಸಲು ಮೊದಲು ಕಣ್ಣು ಹೋಗುವುದು ಪಾಲಿಮರ್, ಅಂದರೆ ಪ್ಲಾಸ್ಟಿಕ್ ಲೋಯರ್ ಕಡೆಗೆ. ಕೊಳ್ಳಬೇಕಾ, ಬೇಡವಾ ಅಂತ ಹೇಗೆ ನಿರ್ಧರಿಸುವುದು, ಕೊಳ್ಳುವುದಾದರೆ ಏನು ನೋಡಬೇಕು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ

ಇದನ್ನು ಎಲ್ಲಕ್ಕಿಂತ ಮೊದಲು ಹೇಳುವುದಕ್ಕೆ ಕಾರಣ ಇದೆ. ಎಚ್-1ಬಿ, ಎಚ್-4, ಎಲ್-1, ಎಫ್-1 ಹೀಗೆ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಅದಕ್ಕೆ ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇರುವುದು ಅವುಗಳಲ್ಲಿ ಒಂದು. ಗ್ರೀನ್ ಕಾರ್ಡ್ ಇರುವವರಿಗೆ ಫೆಡರಲ್ ಮಟ್ಟದಲ್ಲಿ ಈ ತಡೆ ಇಲ್ಲ. "ಎಲ್ಲರೂ ಹೋಗ್ತಾರೆ, ಏನೂ ಆಗಲ್ಲ" ಅನ್ನುವ ಮಾತು ಕೇಳಬೇಡಿ. ವರ್ಷಗಟ್ಟಲೆ ಕಾದ ವೀಸಾ ಒಂದು ಶನಿವಾರದ ಖುಷಿಗೆ ಹೋಗಬಾರದು.

ಇನ್ನು ರಾಜ್ಯದ ಕಾನೂನು ಬೇರೆ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್, ಇಲಿನಾಯ್, ವಾಷಿಂಗ್ಟನ್‌ಗಳಲ್ಲಿ ಎಆರ್ ಮಾದರಿಯ ರೈಫಲ್ ಮೇಲೆ ಬಿಗಿ ನಿರ್ಬಂಧಗಳಿವೆ. ನಮ್ಮವರು ಜಾಸ್ತಿ ಇರುವುದೂ ಬೇ ಏರಿಯಾ, ನ್ಯೂಜೆರ್ಸಿಯಂಥ ಕಡೆಗಳಲ್ಲೇ ಅಲ್ವಾ. ಅಲ್ಲಿದ್ದರೆ ನಿಮ್ಮೂರಲ್ಲಿ ಬಂದೂಕು ಮಾರುವ ಲೈಸೆನ್ಸ್ ಇರುವ ವ್ಯಾಪಾರಿಯನ್ನು ಕೇಳದೆ ಒಂದು ಪಿನ್ನೂ ಕೊಳ್ಳಬೇಡಿ.

ಲೋಯರ್ ಅಂದರೆ ಯಾವುದು, ಅದರ ಕೆಲಸ ಏನು

ಎಆರ್-15 ಎರಡು ದೇಹಗಳ ರೈಫಲ್. 1950ರ ದಶಕದ ಕೊನೆಯಲ್ಲಿ ಆರ್ಮಲೈಟ್ ಕಂಪನಿಯಲ್ಲಿ ಯೂಜೀನ್ ಸ್ಟೋನರ್ ಮತ್ತು ಅವರ ಜೊತೆಗಾರರು ರೂಪಿಸಿದ್ದು ಇದು. ಎಆರ್ ಅಂದರೆ ಆರ್ಮಲೈಟ್ ರೈಫಲ್ ಅಂತಲೇ ಅರ್ಥ. ಮೇಲಿನ ಅರ್ಧ ಅಪ್ಪರ್: ಅದರಲ್ಲಿ ನಳಿಗೆ, ತೋಟಾದ ಹಿಂದೆ ಮುಚ್ಚಿ ಕೂರುವ ಬೋಲ್ಟ್. ಕೆಳಗಿನ ಅರ್ಧ ಲೋಯರ್: ಅದರಲ್ಲಿ ಟ್ರಿಗರ್, ತೋಟಾ ತುಂಬುವ ಮ್ಯಾಗಜಿನ್ ಕೂರುವ ಬಾವಿ, ಹಿಡಿ, ಹಿಂದೆ ಭುಜಕ್ಕೆ ಆನಿಸುವ ಸ್ಟಾಕ್. ಎರಡನ್ನೂ ಮುಂದೊಂದು ಹಿಂದೊಂದು ಪಿನ್ ಹಿಡಿದುಕೊಂಡಿರುತ್ತವೆ.

ಕಾನೂನಿನ ಕಣ್ಣಿನಲ್ಲಿ ಬಂದೂಕು ಅಂದರೆ ಈ ಲೋಯರ್. ಸೀರಿಯಲ್ ನಂಬರ್ ಇರುವುದು ಅದರ ಮೇಲೆ. ಒಳಗೆ ಏನೂ ಇಲ್ಲದ ಬರಿ ಚಿಪ್ಪನ್ನು ಕೊಂಡರೂ ಲೈಸೆನ್ಸ್ ಇರುವ ಅಂಗಡಿಗೇ ಹೋಗಬೇಕು, 4473 ಅನ್ನುವ ಫಾರ್ಮ್ ತುಂಬಬೇಕು, ಹಿನ್ನೆಲೆ ತಪಾಸಣೆ ಆಗಬೇಕು. ವಯಸ್ಸು 21 ತುಂಬಿರಬೇಕು. ನಾನು ಇಲ್ಲಿ ಮಾತಾಡುತ್ತಿರುವುದು ಹೀಗೆ ನಂಬರ್ ಹಾಕಿಸಿಕೊಂಡು ಬಂದ, ಪೂರ್ತಿ ತಯಾರಾದ ಲೋಯರ್ ಬಗ್ಗೆ ಮಾತ್ರ.

ಪ್ಲಾಸ್ಟಿಕ್ ಅಂದ ಕೂಡಲೇ "ಗುಂಡು ಹಾರುವಾಗ ಸಿಡಿದು ಮುಖಕ್ಕೆ ಬರುತ್ತಾ?" ಅಂತ ಜನ ಕೇಳುತ್ತಾರೆ. ಈ ಭಯಕ್ಕೆ ಆಧಾರ ಇಲ್ಲ. ಗುಂಡು ಸಿಡಿದಾಗ ಒಳಗೆ ಏಳುವ ಒತ್ತಡ ಎಆರ್‌ನ ಮಾಮೂಲಿ .223 ತೋಟಾದಲ್ಲಿ ಚದರ ಇಂಚಿಗೆ 55,000 ಪೌಂಡ್‌ವರೆಗೂ ಹೋಗಬಹುದು, ನಿಜ. ಆದರೆ ಅದನ್ನು ತಡೆದುಕೊಳ್ಳುವುದು ಉಕ್ಕಿನ ಬೋಲ್ಟ್ ಮತ್ತು ನಳಿಗೆಯ ಹಿಂಬದಿಯ ಉಕ್ಕಿನ ತುಂಡು. ಬೋಲ್ಟಿನ ಹಲ್ಲುಗಳು ನೇರ ಆ ತುಂಡಿಗೇ ಹೋಗಿ ಬೀಗದ ಹಾಗೆ ಕೂರುತ್ತವೆ. ಮಾಮೂಲಿಯಾಗಿ ಲೋಯರ್‌ಗೆ ಆ ಒತ್ತಡ ತಾಗುವುದಿಲ್ಲ. ಪ್ಲಾಸ್ಟಿಕ್ ಲೋಯರ್ ಮಾಡಲು ಸಾಧ್ಯವಾದದ್ದೇ ಈ ಕಾರಣಕ್ಕೆ.

ಬಿಸಿಯದೂ ಹಾಗೇ. ಜರ್ಮನಿಯ ಸೇನೆ ಬಳಸುವ ಜಿ36 ರೈಫಲ್ ಕಾದಾಗ ಗುರಿ ತಪ್ಪುತ್ತದೆ ಅಂತ 2015ರಲ್ಲಿ ದೊಡ್ಡ ಗಲಾಟೆಯಾಯಿತು. ತಯಾರಿಸಿದ ಕಂಪನಿ ಅದನ್ನು ಒಪ್ಪಲಿಲ್ಲ, ಮರುವರ್ಷ ಕೋಬ್ಲೆಂಜ್ ನ್ಯಾಯಾಲಯ ಕಂಪನಿಯ ಪರ ತೀರ್ಪು ಕೊಟ್ಟಿತು. ಆ ಜಗಳ ಏನೇ ಇರಲಿ, ಅದರಲ್ಲಿ ನಳಿಗೆಯನ್ನು ಹಿಡಿದಿರುವ ದೇಹವೇ ಪ್ಲಾಸ್ಟಿಕ್. ಎಆರ್‌ನಲ್ಲಿ ನಳಿಗೆ ಕೂರುವುದು ಅಪ್ಪರ್‌ನಲ್ಲಿ. ಅಪ್ಪರ್ ಅಲ್ಯೂಮಿನಿಯಂ ಆಗಿದ್ದರೆ ಲೋಯರ್ ಪ್ಲಾಸ್ಟಿಕ್ ಆಗಿದೆ ಅಂತ ಗುರಿ ಕೆಡುವುದಿಲ್ಲ.

ಹಾಗಾದರೆ ಒಡೆಯುವುದು ಎಲ್ಲಿ?

ಲೋಯರ್‌ನ ಹಿಂಬದಿಯಲ್ಲಿ ಎದ್ದು ನಿಂತ ಒಂದು ಬಳೆ ಇದೆ. ಒಳಗೆ ಥ್ರೆಡ್ ಕೊರೆದಿರುತ್ತದೆ. ಬಫರ್ ಟ್ಯೂಬ್ ಅನ್ನುವ ಕೊಳವೆಯನ್ನು ಅದಕ್ಕೆ ತಿರುಗಿಸಿ ಕೂರಿಸುತ್ತಾರೆ, ಕೊಳವೆಯ ಮೇಲೆ ಸ್ಟಾಕ್ ಬರುತ್ತದೆ. ಗುಂಡು ಹಾರಿದಾಗಲೆಲ್ಲ ಬೋಲ್ಟ್ ಹಿಂದಕ್ಕೆ ಓಡಿ, ಈ ಕೊಳವೆಯೊಳಗಿನ ತೂಕವನ್ನೂ ಸ್ಪ್ರಿಂಗನ್ನೂ ತಳ್ಳಿಕೊಂಡು ಹೋಗಿ ತುದಿಗೆ ಬಡಿಯುತ್ತದೆ. ಆ ಬಡಿತ ಕೊಳವೆಯನ್ನು ಹಿಂದಕ್ಕೆ ಎಳೆಯುತ್ತದೆ. ಕೊಳವೆ ಬಳೆಯನ್ನು ಎಳೆಯುತ್ತದೆ. ಇದರ ಜೊತೆಗೆ ರೈಫಲ್ ಬಿದ್ದರೆ, ಬಾಗಿಲಿಗೆ ತಗುಲಿದರೆ, ಸ್ಟಾಕ್ ಊರಿಕೊಂಡು ಯಾರಾದರೂ ಎದ್ದರೆ ಆ ಕೊಳವೆ ಹಾರೆಯ ಹಾಗೆ ಬಳೆಯನ್ನು ಮೀಟುತ್ತದೆ. ಅಲ್ಲಿ ಗೋಡೆ ತೆಳ್ಳಗೆ, ಸುತ್ತ ಆಸರೆ ಇಲ್ಲ.

ಪ್ಲಾಸ್ಟಿಕ್ ಪೈಪಿಗೆ ಹಿತ್ತಾಳೆ ನಲ್ಲಿ ಹಾಕಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಬರೀ ಪ್ಲಾಸ್ಟಿಕ್ ಥ್ರೆಡ್‌ಗೆ ಲೋಹದ ನಲ್ಲಿ ತಿರುಗಿಸಿದರೆ ಮೊದಲ ದಿನ ಚೆನ್ನಾಗೇ ಇರುತ್ತದೆ. ದಿನಾ ತಿರುಗಿಸಿ, ಬಕೆಟ್ ತೂಗು ಹಾಕಿ, ಒಂದು ಬೆಳಿಗ್ಗೆ ಬಾಯಿ ಸೀಳಿ ನೀರು ಸೋರಲು ಶುರು. ಅದಕ್ಕೇ ಒಳ್ಳೆ ಪ್ಲಂಬರ್ ಒಳಗೆ ಹಿತ್ತಾಳೆ ಥ್ರೆಡ್ ಕೂರಿಸಿದ ಫಿಟಿಂಗ್ ಕೇಳಿ ತರಿಸುತ್ತಾನೆ. ಪ್ಲಾಸ್ಟಿಕ್ ಲೋಯರ್ ಮಾಡುವವರಲ್ಲೂ ಕೆಲವರು ಕಲಿತದ್ದು ಇದನ್ನೇ. ಟೆನೆಸಿ ಆರ್ಮ್ಸ್ ಕಂಪನಿ ತನ್ನ ಲೋಯರ್‌ನ ಬಳೆಯೊಳಗೆ ಹಿತ್ತಾಳೆ ಥ್ರೆಡ್ ಕೂರಿಸಿತು. ಅಮೆರಿಕನ್ ಟ್ಯಾಕ್ಟಿಕಲ್ ಕಂಪನಿಯ ಓಮ್ನಿ ಹೈಬ್ರಿಡ್ ಲೋಯರ್ ಒಳಗೂ ಲೋಹದ ತುಂಡು ಬಂತು.

ಬಳೆ ಬಿಟ್ಟರೆ ಎರಡನೆಯ ಬಲಹೀನ ಜಾಗ ಮುಂದಿನ ಪಿನ್ ಕೂರುವ ಎರಡು ಕಿವಿಗಳು. ಮೂರನೆಯದು ಟ್ರಿಗರ್ ಮತ್ತು ಹ್ಯಾಮರ್ (ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆ) ಪಿನ್‌ಗಳ ತೂತುಗಳು. ಉಕ್ಕಿನ ಪಿನ್ ಪ್ಲಾಸ್ಟಿಕ್ ತೂತಿನಲ್ಲಿ ಸಾವಿರಾರು ಸಲ ಬಡಿದರೆ ತೂತು ಮೆಲ್ಲಗೆ ಮೊಟ್ಟೆಯಾಕಾರ ಆಗುತ್ತದೆ, ಆಮೇಲೆ ಟ್ರಿಗರ್ ಎಳೆತ ದಿನಕ್ಕೊಂದು ಥರ. ಇದು ಬರೀ ಕಿರಿಕಿರಿ ಅಲ್ಲ, ಸುರಕ್ಷತೆಯ ಪ್ರಶ್ನೆ.

ಈಗ ದುಡ್ಡಿನ ಲೆಕ್ಕ

ಕಾಗದ ತೆಗೆದುಕೊಂಡು ಬರೆದೇ ನೋಡಿ. ಖಾಲಿ ಪ್ಲಾಸ್ಟಿಕ್ ಲೋಯರ್ ಸುಮಾರು 40ರಿಂದ 60 ಡಾಲರ್. ಕುಲುಮೆಯಲ್ಲಿ ಬಡಿದು ಮಾಡಿದ 7075-ಟಿ6 ಅಲ್ಯೂಮಿನಿಯಂ ಲೋಯರ್, ಅಂದರೆ ಸೇನೆಯ ರೈಫಲ್‌ಗೆ ಬಳಸುವ ದರ್ಜೆಯದು, ಸೇಲ್ ಸಮಯದಲ್ಲಿ 50-60 ಡಾಲರ್‌ಗೆ ಸಿಗುತ್ತದೆ. ಕೆಂಟಕಿಯ ಆಂಡರ್ಸನ್ ಲೋಯರ್ ಹೆಸರು ಮಾಡಿದ್ದೇ ಈ ಬೆಲೆಗೆ. ಅಂದರೆ ಉಳಿಯುವುದು 10 ಡಾಲರೋ 20 ಡಾಲರೋ. ಆನ್‌ಲೈನ್‌ನಲ್ಲಿ ಕೊಂಡರೆ ಅಂಗಡಿಯವನು ಕಾಗದಪತ್ರಕ್ಕೆ ತೆಗೆದುಕೊಳ್ಳುವ ಶುಲ್ಕವೇ ಎಷ್ಟೋ ಕಡೆ ಅದಕ್ಕಿಂತ ಜಾಸ್ತಿ. ಆ ಶುಲ್ಕ ಎರಡಕ್ಕೂ ಒಂದೇ. ಟ್ರಿಗರ್ ಸೆಟ್, ಬಫರ್ ಟ್ಯೂಬ್, ಸ್ಟಾಕ್, ಅಪ್ಪರ್ ಎಲ್ಲಾ ಸೇರಿ 500 ಡಾಲರ್ ಆಸುಪಾಸಿನ ಕೆಲಸದಲ್ಲಿ ಬೇರೆ ಎಲ್ಲ ಭಾಗಗಳನ್ನೂ ಹಿಡಿದುಕೊಳ್ಳುವ ಒಂದೇ ಭಾಗದ ಮೇಲೆ 15 ಡಾಲರ್ ಉಳಿಸುವುದು ಉಳಿತಾಯ ಅಲ್ಲ. ತೋಟಾ ಒಂದಕ್ಕೆ 50 ಸೆಂಟ್ ಅಂತ ಹಿಡಿದರೂ ಅದು 30 ತೋಟಾ, ಒಂದು ಮ್ಯಾಗಜಿನ್.

ತೂಕ ಕಡಿಮೆ ಅಂತಾರೆ. ಹೌದು, ಸುಮಾರು 100 ಗ್ರಾಂ ಕಡಿಮೆ. 30 ತೋಟಾ ತುಂಬಿದ ಮ್ಯಾಗಜಿನ್ ಹತ್ತಿರ ಹತ್ತಿರ ಅರ್ಧ ಕೆಜಿ ಇರುತ್ತದೆ. ಬೆಂಚಿನ ಮೇಲಿಟ್ಟು ಗುರಿ ಹೊಡೆಯುವವನಿಗೆ ಆ 100 ಗ್ರಾಂ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾಗಿ ನನ್ನ ಮಾತು ಸ್ಪಷ್ಟ: ಅಲ್ಯೂಮಿನಿಯಂ ಲೋಯರ್‌ನ ಅದೇ ಆಕಾರವನ್ನು ಪ್ಲಾಸ್ಟಿಕ್‌ನಲ್ಲಿ ಎರಕ ಹೊಯ್ದ ಲೋಯರ್ ಅನ್ನು 5.56 ರೈಫಲ್‌ಗೆ (ಮೇಲೆ ಹೇಳಿದ .223 ಅಳತೆಯ ತೋಟಾದ್ದು) ಕೊಳ್ಳಬೇಡಿ. ಪಿಸ್ತೂಲಿನ 9 ಎಂಎಂ ತೋಟಾ ಹೊಡೆಯುವ ಎಆರ್‌ಗೆ ಅಂತೂ ಬೇಡವೇ ಬೇಡ. ಅವುಗಳಲ್ಲಿ ಬಹುತೇಕ ಬೋಲ್ಟ್‌ಗಳಿಗೆ ಬೀಗ ಇರುವುದಿಲ್ಲ, ತೂಕ ಜಾಸ್ತಿ, ಹಿಂದಕ್ಕೆ ಬಡಿಯುವ ಏಟೂ ಜೋರು.

ಪ್ಲಾಸ್ಟಿಕ್ ಸರಿಹೋಗುವ ಎರಡು ಕಡೆ

ಹಾಗಂತ ಪ್ಲಾಸ್ಟಿಕ್ಕೇ ಕೆಟ್ಟದ್ದು ಅಂದರೆ ತಪ್ಪಾಗುತ್ತದೆ. 1959ರಲ್ಲೇ ರೆಮಿಂಗ್ಟನ್ ಕಂಪನಿ ನೈಲಾನ್ 66 ಅಂತ, ಚಿಕ್ಕ .22 ತೋಟಾ ಹೊಡೆಯುವ ಒಂದು ರೈಫಲ್ ತಂದಿತು. ಸ್ಟಾಕ್, ರಿಸೀವರ್ (ಒಳಭಾಗಗಳು ಕೂರುವ ದೇಹ) ಎರಡೂ ಡ್ಯುಪಾಂಟ್‌ನ ಜೈಟೆಲ್ ನೈಲಾನ್. ಹತ್ತು ಲಕ್ಷಕ್ಕೂ ಮೇಲೆ ತಯಾರಾಯಿತು, ಈಗಲೂ ಹಳೆಯವು ರೇಂಜಿನಲ್ಲಿ ಕಾಣುತ್ತವೆ. ಅದು ಗೆದ್ದದ್ದು ಮೊದಲ ಗೆರೆಯಿಂದಲೇ ನೈಲಾನ್‌ಗೆ ಅಂತ ಚಿತ್ರ ಬರೆದಿದ್ದಕ್ಕೆ. ಲೋಹ ತೆಳ್ಳಗಿದ್ದರೂ ತಡೆಯುತ್ತದೆ. ಪ್ಲಾಸ್ಟಿಕ್‌ಗೆ ದಪ್ಪ ಬೇಕು, ಪಕ್ಕೆಲುಬಿನಂಥ ಆಸರೆ ಬೇಕು, ಚೂಪು ಮೂಲೆ ಇರಬಾರದು.

ಇದೇ ಬುದ್ಧಿ ಸ್ಮಿತ್ ಆಂಡ್ ವೆಸನ್‌ನ ಎಂ ಆಂಡ್ ಪಿ 15-22ರಲ್ಲೂ ಇದೆ. ನೋಡಲು ಎಆರ್, ಹೊಡೆಯುವುದು .22. ಅಪ್ಪರ್ ಲೋಯರ್ ಎರಡೂ ಪಾಲಿಮರ್. .22ರ ಒದೆತ ಎಷ್ಟು ಕಡಿಮೆ ಅಂದರೆ ಹಿಂಬದಿಗೆ ಅಂಥ ಬಡಿತವೇ ಬೀಳುವುದಿಲ್ಲ. ತೋಟಾ ಬೆಲೆಯೂ ಕಾಲು ಭಾಗದಷ್ಟು ಇರಬಹುದು. ಬಜೆಟ್ ನಿಜಕ್ಕೂ ಬಿಗಿ ಇದ್ದರೆ, ಹೊಸಬರಾಗಿದ್ದರೆ, ಜೋಡಿಸುವ ಆಸೆ ಬದಿಗಿಟ್ಟು ಇಂಥದ್ದೊಂದು ಕೊಳ್ಳಿ. ಗುರಿ ಬೇಗ ಕೈಗೆ ಹತ್ತುತ್ತದೆ.

ಎರಡನೆಯದು ಒಂದೇ ಅಚ್ಚಿನ ಲೋಯರ್. ಮೊದಲು ಕ್ಯಾವಲ್ರಿ ಆರ್ಮ್ಸ್‌ನ ಕ್ಯಾವ್-15 ಬಂತು, 2020ರ ಹೊತ್ತಿಗೆ ಕೆಇ ಆರ್ಮ್ಸ್‌ನ ಕೆಪಿ-15. ಇವುಗಳಲ್ಲಿ ಲೋಯರ್, ಹಿಡಿ, ಟ್ರಿಗರ್ ಗಾರ್ಡ್, ಸ್ಟಾಕ್ ಎಲ್ಲಾ ಒಂದೇ ತುಂಡು. ಒಡೆಯುವ ಬಳೆಯೂ ಇಲ್ಲ, ಅದಕ್ಕೆ ತಿರುಗಿಸುವ ಕೊಳವೆಯೂ ಇಲ್ಲ. ಬೆಲೆ ಖಾಲಿ ಲೋಯರ್‌ಗಿಂತ ಜಾಸ್ತಿ ಕಾಣುತ್ತದೆ, ಆದರೆ ಹಿಡಿ, ಸ್ಟಾಕ್, ಬಫರ್ ಟ್ಯೂಬ್ ಬೇರೆ ಕೊಳ್ಳುವ ಖರ್ಚು ತಪ್ಪುತ್ತದೆ. ಒಂದೇ ಕೊರತೆ ಅಂದರೆ ಸ್ಟಾಕ್‌ನ ಉದ್ದ ಬದಲಾಯಿಸಲು ಆಗುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ರೈಫಲ್ ಬಳಸುವುದಾದರೆ ಅಂಗಡಿಯಲ್ಲಿ ಇಬ್ಬರೂ ಭುಜಕ್ಕಿಟ್ಟು ನೋಡಿ.

ಕೊಳ್ಳುವುದೇ ಆದರೆ, ಅಂಗಡಿಯಲ್ಲಿ

ಪೆಟ್ಟಿಗೆ ಬಿಚ್ಚಿಸಿ ಕೈಗೆ ತೆಗೆದುಕೊಳ್ಳಿ. ಬಳೆ ಇರುವ ಲೋಯರ್ ಆದರೆ ಮೊದಲು ಅದರೊಳಗೆ ನೋಡಿ: ಲೋಹದ ಥ್ರೆಡ್ ಇದೆಯಾ? ಇಲ್ಲದಿದ್ದರೆ ವಾಪಸ್ ಕೊಟ್ಟುಬಿಡಿ. ಮ್ಯಾಗಜಿನ್ ಬಾವಿಗೆ ಒಂದು ಖಾಲಿ ಮ್ಯಾಗಜಿನ್ ಹಾಕಿ ಬಿಡಿ. ಅದು ಒಳಗೆ ಸಲೀಸಾಗಿ ಹೋಗಬೇಕು, ಬಿಟ್ಟರೆ ತನ್ನ ತೂಕಕ್ಕೇ ಬೀಳಬೇಕು. ಅಚ್ಚಿನಿಂದ ತೆಗೆದು ತಣಿಯುವಾಗ ಗೋಡೆ ಒಳಕ್ಕೆ ಬಾಗಿದ್ದರೆ ಇಲ್ಲೇ ಗೊತ್ತಾಗುತ್ತದೆ. ಮುಂದಿನ ಕಿವಿಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ, ಗುಳ್ಳೆ, ಸುಕ್ಕು, ಅಚ್ಚಿನ ಗೆರೆ ಅಲ್ಲೇ ಹಾದುಹೋಗಿದೆಯಾ ನೋಡಿ. ಟ್ರಿಗರ್, ಹ್ಯಾಮರ್‌ಗಳೂ ಪ್ಲಾಸ್ಟಿಕ್ ಆಗಿರುವ ಸೆಟ್ ಕೊಟ್ಟರೆ ಬೇಡ ಅನ್ನಿ, ಉಕ್ಕಿನದ್ದೇ ಬೇಕು. ವಾರಂಟಿ ಎಷ್ಟು ವರ್ಷ, ಒಡೆದರೆ ಯಾರು ಬದಲಾಯಿಸಿ ಕೊಡುತ್ತಾರೆ ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ.

ಜೋಡಿಸುವ ಅನುಭವ ಇಲ್ಲದಿದ್ದರೆ ಗನ್‌ಸ್ಮಿತ್, ಅಂದರೆ ಬಂದೂಕು ರಿಪೇರಿ ಮಾಡುವವರ ಕೈಯಲ್ಲೇ ಮಾಡಿಸಿ. ಪ್ಲಾಸ್ಟಿಕ್‌ಗೆ ಥ್ರೆಡ್ ಅಡ್ಡ ಹತ್ತಿದರೆ ಮತ್ತೆ ಸರಿಯಾಗುವುದಿಲ್ಲ. ಅಲ್ಯೂಮಿನಿಯಂ ಮೇಲೆ ಕೈ ಬಿಗಿ ಮಾಡಿ ಅಭ್ಯಾಸ ಆದವರು ಇದರ ಮೇಲೂ ಹಾಗೇ ಬಿಗಿದು ಮೊದಲ ದಿನವೇ ಸೀಳಿದ್ದನ್ನು ನೋಡಿದ್ದೇನೆ.

ಬಳಸುವಾಗ

ತೋಟಾದ ಚಿಪ್ಪು ಒಳಗೆ ಸಿಕ್ಕಿಕೊಂಡಾಗ ಕೆಲವರು ಸ್ಟಾಕನ್ನು ನೆಲಕ್ಕೆ ಕುಟ್ಟಿ ಹ್ಯಾಂಡಲ್ ಎಳೆಯುತ್ತಾರೆ. ಬಳೆ ಇರುವ ಪ್ಲಾಸ್ಟಿಕ್ ಲೋಯರ್ ಆದರೆ ಇದನ್ನು ಮಾಡಲೇಬೇಡಿ. ನಳಿಗೆ ಸುರಕ್ಷಿತ ದಿಕ್ಕಿಗೆ ಇಟ್ಟು ರೇಂಜ್ ಆಫೀಸರನ್ನು ಕರೆಯಿರಿ. ಸುಡು ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ, ಸ್ಟಾಕ್ ಮೇಲೆ ಭಾರ ಹೇರಿ ದಿನಗಟ್ಟಲೆ ಇಡಬೇಡಿ. ಕಾದ ಪ್ಲಾಸ್ಟಿಕ್ ಮೇಲೆ ಭಾರ ಕೂತರೆ ಅದು ಮೆಲ್ಲಗೆ ಬಾಗಿ ಹಾಗೇ ನಿಂತುಬಿಡುತ್ತದೆ.

ಪ್ರತಿ ಸಲ ಮನೆಗೆ ಬಂದ ಮೇಲೆ ಖಾಲಿ ಇದೆ ಅಂತ ಎರಡು ಸಲ ನೋಡಿ, ಅಪ್ಪರ್ ಬಿಡಿಸಿ, ಬಳೆಯ ಬುಡವನ್ನು ಒಣಬಟ್ಟೆಯಲ್ಲಿ ಒರೆಸಿ ಟಾರ್ಚ್ ಬಿಡಿ. ಉಗುರಿನಿಂದ ಸುತ್ತ ಸವರಿ. ಕಪ್ಪು ಪ್ಲಾಸ್ಟಿಕ್ ಮೇಲೆ ಕೂದಲೆಳೆಯಷ್ಟು ಬಿಳಿ ಗೆರೆ ಕಂಡರೆ, ಅಥವಾ ಉಗುರು ಎಲ್ಲಾದರೂ ತಡೆದರೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಅಂಟು ಹಾಕಿ ಓಡಿಸಬೇಡಿ. ಕಸದ ಡಬ್ಬಿಗೂ ಎಸೆಯಬೇಡಿ, ಒಡೆದಿದ್ದರೂ ಸೀರಿಯಲ್ ನಂಬರ್ ಇರುವ ಲೋಯರ್ ಕಾನೂನಿನ ಪ್ರಕಾರ ಇನ್ನೂ ಬಂದೂಕೇ. ನನ್ನ ಗೆಳೆಯ ತನ್ನದನ್ನು ಒಂದು ಡಬ್ಬಿಯಲ್ಲಿಟ್ಟು, ತಯಾರಕರಿಗೆ ವಾಪಸ್ ಕಳಿಸಿಕೊಡಿ ಅಂತ ಕೊಂಡ ಅಂಗಡಿಗೇ ಕೊಟ್ಟ. ಅದೇ ಕೌಂಟರ್‌ನಲ್ಲಿ 55 ಡಾಲರ್ ಕೊಟ್ಟು ಅಲ್ಯೂಮಿನಿಯಂದು ತೆಗೆದುಕೊಂಡ.