ಮೂರನೇ ವರ್ಷಕ್ಕೆ ಯುದ್ಧ ನಿಂತಿತು

ನಮ್ಮ ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ಮಕ್ಕಳಿಂದ ಅಮೆರಿಕದ ಮೇಲ್ಮನೆಯಾದ ಸೆನೆಟ್‌ನ ಅಣಕು ಆಟ ಆಡಿಸುತ್ತೇನೆ. ಅದರಲ್ಲಿ ವಿಯೆಟ್ನಾಂ ಯುದ್ಧ ಎರಡು ಸಲ ನಿಲ್ಲಲೇ ಇಲ್ಲ. ಮೂರನೇ ಸಲ ನಿಂತಿತು. ಅಣಕು ಸಂಸತ್ತು ನಡೆಸಿ ಕೈಸುಟ್ಟುಕೊಂಡ ರಾಜ್ಯಶಾಸ್ತ್ರದ ಮೇಷ್ಟ್ರುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸೆನೆಟ್ ಅಂದರೇನು, ವೀಟೊ ಅಂದರೇನು ಎಂಬ ಪಾಠ ಇಲ್ಲಿಲ್ಲ.

"ನಮ್ಮ ಲೋಕಸಭೆ ಸಾಲದಾ ಮೇಷ್ಟ್ರೇ?" ಅಂತ ಸ್ಟಾಫ್ ರೂಮಿನಲ್ಲಿ ಕೇಳಿದರು. ನಮ್ಮಲ್ಲಿ ವಿಪ್ ಇದೆ, ಪಕ್ಷ ಹೇಳಿದ ಕಡೆಗೇ ಮತ ಹಾಕಬೇಕು. ಯಾರ ಮತ ಯಾವ ಕಡೆ ಅಂತ ಮೊದಲೇ ಗೊತ್ತು, ಆಟಕ್ಕೆ ರುಚಿ ಇರಲ್ಲ. ಅಮೆರಿಕದ ಸೆನೆಟ್‌ನಲ್ಲಿ ಒಂದೊಂದು ಮತಕ್ಕೂ ಬಾಗಿಲು ತಟ್ಟಬೇಕು.

50 ಮಕ್ಕಳು, ತಲೆಗೆ ಎರಡು ಮತ. ಪ್ರತಿಯೊಬ್ಬರಿಗೂ ಒಂದು ಚೀಟಿ. ಅದರಲ್ಲಿ ರಾಜ್ಯ, ಪಕ್ಷ, ಮುಂದಿನ ಚುನಾವಣೆ ಯಾವಾಗ ಅಂತ ಇರುತ್ತದೆ. ನಾಲ್ಕನೇ ಸಾಲೂ ಒಂದಿದೆ. ಅದನ್ನು ಹೇಳಲ್ಲ, ಆಟ ನಿಂತಿರುವುದೇ ಅದರ ಮೇಲೆ.

ಮೊದಲ ವರ್ಷ ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದ ಹುಡುಗನನ್ನು ಯುದ್ಧ ವಿರೋಧಿ ಸೆನೆಟರ್ ಮೆಕ್‌ಗವರ್ನ್ ಮಾಡಿದೆ. "ಎಲ್ಲ ಸೈನಿಕರನ್ನೂ ವಾಪಸ್ ಕರೆಸಿ" ಅಂತ ಅರ್ಧ ಗಂಟೆ ಗುಡುಗಿದ. ಚಪ್ಪಾಳೆಯೋ ಚಪ್ಪಾಳೆ. ಮತ ಎಣಿಸಿದರೆ ಮೂವತ್ತೂ ದಾಟಿರಲಿಲ್ಲ. ನಿಜವಾದ ಸೆನೆಟ್‌ನಲ್ಲೂ ಮೆಕ್‌ಗವರ್ನ್–ಹ್ಯಾಟ್‌ಫೀಲ್ಡ್ ತಿದ್ದುಪಡಿ 1970ರ ಸೆಪ್ಟೆಂಬರ್ 1ರಂದು 55–39ರಲ್ಲಿ ಬಿದ್ದಿತ್ತು ಅಂತ ಸಮಾಧಾನ ಮಾಡಿಕೊಂಡೆ.

ಎರಡನೇ ವರ್ಷ ದುಡ್ಡು ಸುರಿದೆ. ಫ್ಲೆಕ್ಸ್, ದೊಡ್ಡ ನಕ್ಷೆ, ಬಾಡಿಗೆ ಕೋಟು, ಎಲ್ಲಾ ಸೇರಿ ನಾಲ್ಕು ಸಾವಿರದ ಹತ್ತಿರ ಕೈಯಿಂದಲೇ ಹೋಯಿತು. ಕಾಲೇಜಿನಿಂದ ಸಿಕ್ಕಿದ್ದು ಐನೂರು, ಅದೂ ಮಾರ್ಚ್ ಕಳೆದ ಮೇಲೆ. ಮತ್ತೆ ಸೋಲು. ಕೋಟು ಹಾಕಿದ ಮಕ್ಕಳು ಫೋಟೊ ತೆಗೆಸಿಕೊಂಡರು, ಮತ ಕೇಳಲು ಯಾರೂ ಎದ್ದು ಹೋಗಲಿಲ್ಲ. "ಸುಮ್ನೆ ಪಂಚಾಯ್ತಿ ರಾಜ್ ಮೇಲೆ ಏನಾದ್ರೂ ಮಾಡಿಸಿ" ಅಂದರು ಹಿರಿಯರೊಬ್ಬರು.

ಆ ಬೇಸಿಗೆ ರಜೆಯಲ್ಲಿ ಜಾನ್ ಶರ್ಮನ್ ಕೂಪರ್ ಕಣ್ಣಿಗೆ ಬಿದ್ದ. ಕೆಂಟಕಿಯ ಹಿರಿಯ ಸೆನೆಟರ್. 1955–56ರಲ್ಲಿ ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದವನು. ಅಧ್ಯಕ್ಷ ನಿಕ್ಸನ್‌ನದೇ ಪಕ್ಷ. ಮಾತು ಬಾಯೊಳಗೇ ಉಳಿಯುತ್ತಿತ್ತು, ಭಾಷಣಕಾರ ಅಲ್ಲವೇ ಅಲ್ಲ. ಜೊತೆಗಾರ ಐಡಹೋದ ಫ್ರಾಂಕ್ ಚರ್ಚ್, ಎದುರು ಪಕ್ಷದವನು.

ಇವರು ಯುದ್ಧ ನಿಲ್ಲಿಸಿ ಅಂತ ಕೇಳಲೇ ಇಲ್ಲ. 1969ರ ಡಿಸೆಂಬರ್‌ನಲ್ಲಿ ರಕ್ಷಣಾ ಖರ್ಚಿನ ಮಸೂದೆಗೆ ಒಂದು ಸಾಲು ಸೇರಿಸಿದರು: ಲಾವೋಸ್‌ಗೆ, ಥಾಯ್ಲೆಂಡ್‌ಗೆ ನೆಲದ ಪಡೆ ಕಳಿಸಲು ಈ ದುಡ್ಡು ಬಳಸುವಂತಿಲ್ಲ. ಕಳಿಸುವ ಉದ್ದೇಶ ತನಗೂ ಇಲ್ಲ ಅಂತಿದ್ದ ಅಧ್ಯಕ್ಷ, ಬೇಡ ಅನ್ನುವುದು ಹೇಗೆ? ನಾಲ್ಕು ತಿಂಗಳಾದ ಮೇಲೆ ನಿಕ್ಸನ್ ಕಾಂಬೋಡಿಯಾಕ್ಕೆ ಪಡೆ ನುಗ್ಗಿಸಿದ. ಜೂನ್ ಮುಗಿಯುವುದರೊಳಗೆ ವಾಪಸ್ ಬರುತ್ತಾರೆ ಅಂದ. ಕೂಪರ್ ಅದನ್ನೇ ಹಿಡಿದುಕೊಂಡ. ಸರಿ ಸ್ವಾಮಿ, ಜುಲೈ 1ರಿಂದ ಅಲ್ಲಿಗೆ ದುಡ್ಡಿಲ್ಲ ಅಂತ ಬರೆದುಬಿಡೋಣ. ಏಳು ವಾರ ಚರ್ಚೆ ನಡೆಯಿತು. ಜೂನ್ 30ರಂದು 58–37ರಲ್ಲಿ ಸೆನೆಟ್ ಒಪ್ಪಿತು.

ಮೂರನೇ ವರ್ಷ ಕೂಪರ್ ಚೀಟಿಯನ್ನು ಮೂರನೇ ಬೆಂಚಿನ ಮೆಲುದನಿಯ ಹುಡುಗಿಗೆ ಕೊಟ್ಟೆ. ಭಾಷಣ ಬೇಡ, ನೋಟ್‌ಬುಕ್ ಹಿಡಿದು ಬೆಂಚಿಂದ ಬೆಂಚಿಗೆ ಹೋಗು ಅಂದೆ. ಅಧ್ಯಕ್ಷನಾಗಿದ್ದ ಹುಡುಗ ಬೆಳಿಗ್ಗೆ ಹೇಳಿದ ಮಾತನ್ನು ಅವಳು ಅಕ್ಷರ ಬಿಡದೆ ಬರೆದುಕೊಂಡಿದ್ದಳು. ಅದನ್ನೇ ತಿದ್ದುಪಡಿ ಮಾಡಿ ತಂದಳು. "ಇದು ನೀನೇ ಹೇಳಿದ್ದಲ್ವಾ?" ಹಾಲ್ ನಕ್ಕಿತು. 61 ಮತ ಬಿತ್ತು. ಇತಿಹಾಸಕ್ಕಿಂತ ಮೂರು ಜಾಸ್ತಿ, ಬರೆದಿಟ್ಟುಕೊಳ್ಳಿ! ಖರ್ಚು ಬರೀ ಜೆರಾಕ್ಸ್, ಟೀ, ಬನ್ನು. ಎಂಟುನೂರೋ ಒಂಬೈನೂರೋ ಆಗಿರಬೇಕು.

ಆದರೆ ಆ ಹುಡುಗ ಚಾಲಾಕಿ. "ನೆಲದ ಪಡೆ ಅಂತ ತಾನೇ ಬರೆದಿರೋದು? ನಾನು ವಿಮಾನ ಕಳಿಸ್ತೀನಿ" ಅಂದ. ನಾನು ಬೆಚ್ಚಿಬಿದ್ದೆ, ಅವನು ಮುಂದಿನ ಭಾಗ ಓದಿಯೇ ಇರಲಿಲ್ಲ. ನಿಜಕ್ಕೂ ಆಗಿದ್ದು ಅದೇ. ಕೆಳಮನೆ ಜೂನ್ 30ರ ತಿದ್ದುಪಡಿಯನ್ನು ಒಪ್ಪಲಿಲ್ಲ. 1970ರ ಡಿಸೆಂಬರ್‌ನಲ್ಲಿ ಪಾಸಾದ ತೆಳು ರೂಪದಲ್ಲಿ ನೆಲದ ಪಡೆಗೆ, ಸೇನಾ ಸಲಹೆಗಾರರಿಗೆ ಮಾತ್ರ ತಡೆ ಇತ್ತು, ಬಾಂಬ್ ಹಾಕಲು ಅಡ್ಡಿ ಇರಲಿಲ್ಲ. 1971ರ ಫೆಬ್ರವರಿಯಲ್ಲಿ ಲಾವೋಸ್‌ಗೆ ದಕ್ಷಿಣ ವಿಯೆಟ್ನಾಂ ಸೈನಿಕರು ನಡೆದು ಹೋದರು, ಅಮೆರಿಕದವರು ಮೇಲೆ ಹಾರಿದರು.

ಹಾಗಾಗಿ ಆಟವನ್ನು ಎರಡನೇ ದಿನಕ್ಕೆ ಎಳೆದೆ. ಆ ದಿನ 1973ರ ಜೂನ್. ಬಾಂಬ್ ದಾಳಿಗೂ ದುಡ್ಡಿಲ್ಲ ಅಂತ ಮಸೂದೆ ಬಂತು, ಅಧ್ಯಕ್ಷ ವೀಟೊ ಹಾಕಿ ತಳ್ಳಿಬಿಟ್ಟ. ಆಗ ಅಮೆರಿಕದ ಹಣಕಾಸು ವರ್ಷ ಮುಗಿಯುತ್ತಿದ್ದದ್ದು ಜೂನ್ 30ಕ್ಕೆ. ಅದೇ ಸಾಲನ್ನು ಮುಂದಿನ ಹಣದ ಮಸೂದೆಗೂ ಕಟ್ಟಿದರೆ? ಹುಡುಗಿ ಹಾಗೇ ಮಾಡಿದಳು. ಸಂಬಳ ಕೊಡಲು ದುಡ್ಡಿಲ್ಲದ ಅಧ್ಯಕ್ಷ ದಾರಿಗೆ ಬಂದ. ಬಾಂಬ್ ದಾಳಿ ನಿಲ್ಲಿಸಲು ನಿಜವಾದ ನಿಕ್ಸನ್ ಒಪ್ಪಿಕೊಂಡ ಗಡುವು ಆಗಸ್ಟ್ 15. ನಮ್ಮ ಹುಡುಗ ಆಗಸ್ಟ್ 20 ಕೇಳಿದ, ಯಾರೂ ಕೊಡಲಿಲ್ಲ. ಅಷ್ಟು ಹೊತ್ತಿಗೆ ಕೂಪರ್ ಸೆನೆಟ್‌ನಲ್ಲೇ ಇರಲಿಲ್ಲ, ಆ ಸುತ್ತಿನಲ್ಲಿ ಚರ್ಚ್ ಜೊತೆಗಿದ್ದವನು ಕ್ಲಿಫರ್ಡ್ ಕೇಸ್ ಅನ್ನುವ ಸೆನೆಟರ್. ಹುಡುಗಿಗೆ ಚೀಟಿ ಬದಲಿಸಿಕೊಟ್ಟೆ, ಅವಳಿಗೆ ಅದು ಇಷ್ಟ ಆಗಲಿಲ್ಲ.

ಒಮ್ಮೆ ವೀಟೊ ತೆಗೆದು ಆಡಿಸಿ ನೋಡಿದೆ. ಇಪ್ಪತ್ತು ನಿಮಿಷಕ್ಕೆ ಮುಗಿದು ಸಪ್ಪೆಯಾಯಿತು. ಇನ್ನೊಂದು ಪ್ರಯೋಗ ನಾನು ಮಾಡಿದ್ದಲ್ಲ. ಹಾಸ್ಟೆಲ್ ಮಕ್ಕಳು ಮೆಸ್ಸಿನವರನ್ನೇ ಬದಲಿಸಿ ಅಂತ ಎರಡು ವರ್ಷ ಕೂಗಿ ಸೋತಿದ್ದರು. ಆಟ ಆದ ಮೇಲೆ, "ವಾರಕ್ಕೆರಡು ಸಲ ಚಪಾತಿ" ಅಂತ ಮೆಸ್ಸಿನವರೇ ಹಿಂದೆ ಹೇಳಿದ್ದನ್ನು ತಿಂಗಳ ಬಿಲ್ಲಿನ ಹಾಳೆ ಮೇಲೆ ಬರೆಸಿಕೊಂಡು ಬಂದರು. ಚಪಾತಿ ಈಗ ಬರುತ್ತಿದೆ, ಆದರೆ ಪಲ್ಯ ನೀರು. ಪಲ್ಯದ ಬಗ್ಗೆ ಬರೆಸಿಕೊಂಡಿರಲಿಲ್ಲ.