ಸೀರೀಸ್ ನೋಡುವಾಗ ಎಲ್ಲಿ ನಿಲ್ಲಿಸಬೇಕು?

ಕಳೆದ ದಸರಾಕ್ಕೆ ನನ್ನ ತಮ್ಮನ ಮನೆಯವರೆಲ್ಲ ಮೈಸೂರಿಗೆ ಬಂದಿದ್ದರು. ಜಂಬೂಸವಾರಿ ನೋಡಬೇಕು ಅಂತಲೇ ಬಂದವರು. ಹಿಂದಿನ ರಾತ್ರಿ ಊಟ ಆದಮೇಲೆ ಎಂಟು ಕಂತಿನ ಒಂದು ಪತ್ತೇದಾರಿ ಸೀರೀಸ್ ಹಾಕಿಕೊಂಡು ಕೂತರು. ಮುಗಿದಾಗ ಬೆಳಗಿನ ಜಾವ ಐದು. ಮಧ್ಯಾಹ್ನ ಅಂಬಾರಿ ಹೊರಡುವ ಹೊತ್ತಿಗೆ ಮೂವರೂ ನಮ್ಮ ಹಾಲ್‌ನಲ್ಲಿ ಚಾಪೆ ಮೇಲೆ ನಿದ್ದೆ. ಎದುರಿಗೆ ಟಿವಿಯಲ್ಲಿ ನೇರಪ್ರಸಾರ ಅದರ ಪಾಡಿಗೆ ಓಡುತ್ತಿತ್ತು.

ಸಂಕ್ರಾಂತಿಗೆ ಸಿಕ್ಕಾಗ ಕೇಳಿದೆ, "ಕೊನೆಗೆ ಕೊಂದಿದ್ದು ಯಾರೋ?" ತಮ್ಮ ತಲೆ ಕೆರೆದುಕೊಂಡ. "ಆ ಡಾಕ್ಟರು ಇರಬೇಕು ಕಣಕ್ಕ. ಅಲ್ಲ ಅಲ್ಲ, ಡಾಕ್ಟರ ಭಾಮೈದ."

ಇಂಥವರನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಸೀರೀಸ್ ನೋಡಬೇಡಿ ಅಂತ ಹೇಳುವುದಕ್ಕಲ್ಲ, ನಾನೂ ನೋಡುತ್ತೇನೆ. ಎಲ್ಲ ಕಂತೂ ಒಂದೇ ದಿನ ಬಂದು ಬಿದ್ದಾಗ ಮನೆಯಲ್ಲೇ ಕಂತು ಮಾಡಿಕೊಳ್ಳುವುದು ಹೇಗೆ ಅನ್ನುವುದಷ್ಟೇ ವಿಷಯ.

ಹಂತ 1: ಯಾವ ಬಗೆಯ ಸೀರೀಸ್ ಅಂತ ನೋಡಿಕೊಳ್ಳಿ

ಒಟ್ಟಿಗೆ ಸುರಿಯುವ ಈ ಪದ್ಧತಿ ಬಂದು ಬಹಳ ಕಾಲವೇನೂ ಆಗಿಲ್ಲ. ನೆಟ್‌ಫ್ಲಿಕ್ಸ್ 2012ರಲ್ಲಿ 'ಲಿಲಿಹ್ಯಾಮರ್'ನ 8 ಕಂತುಗಳನ್ನು ಒಂದೇ ದಿನ ಬಿಟ್ಟು ನೋಡಿತು. 2013ರ ಫೆಬ್ರುವರಿ 1ರಂದು 'ಹೌಸ್ ಆಫ್ ಕಾರ್ಡ್ಸ್'ನ 13 ಕಂತುಗಳನ್ನು ಒಟ್ಟಿಗೆ ಬಿಟ್ಟಾಗ ಅದೇ ದೊಡ್ಡ ಸುದ್ದಿಯಾಯಿತು. ಆಮೇಲೆ ಎಲ್ಲರಿಗೂ ಅದೇ ರೂಢಿ. 2015ರಲ್ಲಿ ಕಾಲಿನ್ಸ್ ಡಿಕ್ಷನರಿಯವರು 'ಬಿಂಜ್ ವಾಚ್', ಅಂದರೆ ಕೂತಲ್ಲೇ ಕಂತಿನ ಮೇಲೆ ಕಂತು ನೋಡುವುದು, ಅನ್ನುವುದನ್ನೇ ವರ್ಷದ ಪದ ಅಂತ ಆರಿಸಿದರು.

ಗಾಳಿ ತಿರುಗಿದ್ದು 2019ರ ನವೆಂಬರ್‌ನಲ್ಲಿ. ಡಿಸ್ನಿ ಪ್ಲಸ್ ಶುರುವಾಗಿದ್ದೇ 'ದಿ ಮ್ಯಾಂಡಲೋರಿಯನ್' ಅನ್ನು ವಾರಕ್ಕೊಂದರಂತೆ ಕೊಡುತ್ತಾ. ಮರುವರ್ಷ ಪ್ರೈಮ್ ವಿಡಿಯೊದವರು 'ದಿ ಬಾಯ್ಸ್' ಎರಡನೇ ಸೀಸನ್‌ನ ಮೊದಲ 3 ಕಂತುಗಳನ್ನು ಒಟ್ಟಿಗೆ ಕೊಟ್ಟು, ಉಳಿದದ್ದನ್ನು ವಾರಕ್ಕೊಂದು ಮಾಡಿದರು. ಮೊದಲ ಸೀಸನ್ ಒಂದೇ ಸಲ ನುಂಗಿದ್ದ ಜನ ಸಿಟ್ಟಿಗೆದ್ದು ಕಡಿಮೆ ಸ್ಟಾರ್ ಒತ್ತಿದರು. ಕಥೆ ಚೆನ್ನಾಗಿಲ್ಲ ಅಂತಲ್ಲ, ಕಾಯಿಸಿದ್ದಕ್ಕೆ! ಒಟ್ಟಿಗೆ ಬಿಡುವುದನ್ನು ಕಲಿಸಿದ ನೆಟ್‌ಫ್ಲಿಕ್ಸ್ ಕೂಡ 'ಸ್ಟ್ರೇಂಜರ್ ಥಿಂಗ್ಸ್' ನಾಲ್ಕನೇ ಸೀಸನ್ ಅನ್ನು 2022ರ ಮೇ 27 ಮತ್ತು ಜುಲೈ 1 ಅಂತ ಎರಡು ತುಂಡು ಮಾಡಿತು. 2025ರಲ್ಲಿ ಐದನೆಯದನ್ನು ಮೂರು ತುಂಡು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ವಾರ ವಾರ ಕೊಡುವುದಕ್ಕೇ ಬರೆದ ಕಥೆಯಲ್ಲಿ ಪ್ರತಿ ಕಂತಿಗೂ ಅದರದೇ ಒಂದು ಹೊಟ್ಟೆ ಇರುತ್ತದೆ. ತಿಂದರೆ ತುಂಬುತ್ತದೆ. ಒಟ್ಟಿಗೆ ಬಿಡುವುದಕ್ಕೆ ಬರೆದದ್ದು ಒಂದು ಉದ್ದದ ಸಿನಿಮಾವನ್ನು ಎಂಟು ತುಂಡು ಮಾಡಿದ ಹಾಗೆ. ನಾಲ್ಕನೇ ಕಂತೊಂದನ್ನೇ ನೋಡಿದರೆ ಏನೂ ಆಗಿರುವುದಿಲ್ಲ. ಎರಡನೆಯ ಬಗೆಯದನ್ನು ವಾರಕ್ಕೊಂದು ನೋಡಿದರೆ ಹೆಸರುಗಳೇ ಮರೆತುಹೋಗುತ್ತವೆ. ಅದಕ್ಕೆ ವಾರಕ್ಕೆ ಎರಡು ಸರಿ. ಮಂಗಳವಾರ ಒಂದು, ಶನಿವಾರ ಒಂದು. ಮೂರು ಜಾಸ್ತಿಯಾಯಿತು. ಈ ವಿಷಯದಲ್ಲಿ ನನ್ನ ಹತ್ತಿರ ಚೌಕಾಸಿ ಇಲ್ಲ.

ಮೂರನೇ ಬಗೆಯೂ ಒಂದಿದೆ. ಒಂದು ಕಂತಿಗೆ ಒಂದು ಕಥೆ. ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' ಇದೆಯಲ್ಲ, ಸ್ವಾಮಿಯ ಕಥೆಯಂಥ ಉದ್ದದವನ್ನು ಬಿಟ್ಟರೆ ಬಹುಪಾಲು ಹೀಗೇ. 2024ರ ಜುಲೈನಲ್ಲಿ ಯಾವ ಒಟಿಟಿಯೂ ತೆಗೆದುಕೊಳ್ಳದೆ ತಯಾರಿಸಿದವರ ಸ್ವಂತ ವೆಬ್‌ಸೈಟಿನಲ್ಲಿ ಬಿಡುಗಡೆಯಾದ ಕನ್ನಡದ 'ಏಕಂ' ಕೂಡ ಬಿಡಿಬಿಡಿ ಕಥೆಗಳದ್ದು. ಇಂಥವನ್ನು ಹೇಗೆ ಬೇಕಾದರೂ ನೋಡಿ, ಆದರೆ ದಿನಕ್ಕೆ ಒಂದೇ. ಒಂದರ ಮೇಲೆ ಒಂದು ನೋಡಿದರೆ ಮೊದಲನೆಯದರ ರುಚಿ ಎರಡನೆಯದಕ್ಕೆ ಅಂಟುತ್ತದೆ.

ಹಂತ 2: ಆಟೊಪ್ಲೇ ಆಫ್ ಮಾಡಿ

ಒಂದು ಕಂತು ಮುಗಿದ ಕೂಡಲೇ ಮುಂದಿನದು ತಾನಾಗಿ ಶುರುವಾಗುತ್ತದಲ್ಲ, ಅದೇ ಆಟೊಪ್ಲೇ. ನೆಟ್‌ಫ್ಲಿಕ್ಸ್ ಆದರೆ, ಟಿವಿಯಲ್ಲಿ ಈ ಸೆಟ್ಟಿಂಗ್ ಸಿಗದಿದ್ದರೆ ಮೊಬೈಲ್ ಅಥವಾ ಕಂಪ್ಯೂಟರ್ ಬ್ರೌಸರ್‌ನಲ್ಲಿ ನಿಮ್ಮ ಅಕೌಂಟ್ ತೆರೆದು, ಪ್ರೊಫೈಲ್ ಆರಿಸಿ, ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ಗೆ ಹೋಗಿ ಟಿಕ್ ತೆಗೆಯಿರಿ. ಒಂದೊಂದು ಪ್ರೊಫೈಲ್‌ಗೂ ಬೇರೆ ಬೇರೆ ಮಾಡಬೇಕು. ಜನ ಎಡವುವುದು ಅಲ್ಲೇ.

"ಇನ್ನೂ ನೋಡುತ್ತಿದ್ದೀರಾ?" ಅಂತ ಪರದೆ ಕೇಳುತ್ತದಲ್ಲ, ಅದನ್ನು ನಂಬಿ ಕೂರಬೇಡಿ. ಅದು ಕೇಳುವಷ್ಟರಲ್ಲಿ ಕಂತುಗಳು ಕಳೆದಿರುತ್ತವೆ. ಟಿವಿಯ ಸ್ಲೀಪ್ ಟೈಮರ್ ಕೂಡ ದಂಡ. ನಮ್ಮನೆಯವರು ಒಂದು ವಾರ ಹಾಕಿ ನೋಡಿದರು. ಸರಿಯಾಗಿ ನಾಯಕಿ ಬಾಗಿಲು ತೆರೆಯುವಾಗ ಟಿವಿ ಆಫ್ ಆಗುತ್ತಿತ್ತು. ಇವರು ಬೈದುಕೊಂಡು ಮತ್ತೆ ಆನ್ ಮಾಡುತ್ತಿದ್ದರು, ಮತ್ತೆ ಒಂದು ಗಂಟೆ. ರಾತ್ರಿ ಕಣ್ಣಿಗೆ ಹಿತ ಅಂತ ಜಾಹೀರಾತು ನೋಡಿ ನೀಲಿ ಬೆಳಕು ತಡೆಯುವ ಕನ್ನಡಕವನ್ನೂ ತರಿಸಿದ್ದೆ. ಅದು ಮಾಡಿದ ಉಪಕಾರ ಒಂದೇ: ಕನ್ನಡಕ ಹಾಕಿದ್ದೀನಲ್ಲ ಅನ್ನುವ ಧೈರ್ಯದಲ್ಲಿ ಇನ್ನೊಂದು ಕಂತು ನೋಡಿದೆ.

ಹಂತ 3: ಕಂತಿನ ಕೊನೆಯಲ್ಲಿ ನಿಲ್ಲಿಸಬೇಡಿ

ಎಲ್ಲರೂ ಸೋಲುವ ಜಾಗ ಇದು. ಸ್ವಲ್ಪ ನಿಧಾನವಾಗಿ ಓದಿ.

"ಈ ಕಂತು ಮುಗಿಸಿ ಮಲಗೋಣ" ಅಂತ ಎಲ್ಲರೂ ಹೇಳುತ್ತಾರೆ. ಕೇಳುವುದಕ್ಕೆ ಸರಿಯಾಗಿಯೇ ಇದೆ, ಊಟದಲ್ಲಿ ಎಲೆ ಖಾಲಿ ಮಾಡಿ ಏಳುವ ಹಾಗೆ. ಆದರೆ ಸೀರೀಸ್ ಬರೆಯುವವರು ಎಲೆಯ ತುದಿಯಲ್ಲೇ ಹೋಳಿಗೆ ಇಟ್ಟಿರುತ್ತಾರೆ. ನೀವು ಏಳದಂತೆ ಮಾಡುವುದಕ್ಕೆ ಅವರು ಅತಿ ಹೆಚ್ಚು ಶ್ರಮ ಹಾಕಿದ ಜಾಗ ಅಂದರೆ ಕೊನೆಯ ಐದು ನಿಮಿಷ. ಅಲ್ಲಿಗೆ ಹೋಗಿ ನಿಂತು ರಿಮೋಟ್ ಕೆಳಗಿಡುತ್ತೇನೆ ಅನ್ನುವುದು ಬೊಂಡದ ಅಂಗಡಿ ಮುಂದೆ ನಿಂತು ಉಪವಾಸ ಶುರು ಮಾಡಿದ ಹಾಗೆ.

ಐವತ್ತು ನಿಮಿಷದ ಒಂದು ಕಂತನ್ನು ಗಡಿಯಾರ ಇಟ್ಟುಕೊಂಡು ನೋಡಿ. ಹಿಂದಿನ ಕಂತು ಬಿಟ್ಟುಹೋದ ಗಂಟು ಮೊದಲ ಎಂಟು ಹತ್ತು ನಿಮಿಷದಲ್ಲೇ ಬಿಚ್ಚಿಕೊಳ್ಳುತ್ತದೆ. ಬಾಗಿಲ ಹಿಂದೆ ಇದ್ದವರು ಯಾರು? ಹಾಲಿನವನು. ಗುಂಡು ತಗುಲಿತೇ? ಭುಜಕ್ಕೆ ಮಾತ್ರ. ಅಷ್ಟಾದ ಮೇಲೆ ಕಥೆ ಉಸಿರು ಬಿಡುತ್ತದೆ. ಯಾರೋ ಕಾರು ಓಡಿಸುತ್ತಾರೆ, ಯಾರೋ ಕಾಫಿ ಕುಡಿಯುತ್ತಾರೆ, ಇಬ್ಬರು ಪೊಲೀಸರು ಕಡತ ತಿರುವುತ್ತಾರೆ. ಹನ್ನೆರಡರಿಂದ ಇಪ್ಪತ್ತನೇ ನಿಮಿಷದ ನಡುವಿನ ಈ ತಗ್ಗಿನಲ್ಲೇ ನೀವು ಇಳಿದುಬಿಡಬೇಕು.

ಅಂದರೆ ಹೀಗೆ. ಇವತ್ತು ಎರಡನೇ ಕಂತು ನೋಡುವ ದಿನ. ಪೂರ್ತಿ ನೋಡಿ. ಕೊನೆಯಲ್ಲಿ ಎದೆ ಡಬಡಬ ಅನ್ನುತ್ತದೆ, ಅನ್ನಲಿ. ಮೂರನೆಯದನ್ನು ನೀವೇ ಹಾಕಿ. ಹೌದು, ಹಾಕಿ. ಗಂಟು ಬಿಚ್ಚಿಕೊಳ್ಳುವ ತನಕ ನೋಡಿ. ಆಮೇಲೆ ಮೊದಲ ಸಪ್ಪೆ ದೃಶ್ಯಕ್ಕೆ ಕಾಯಿರಿ. ಜಾಗ ಬದಲಾಗಬೇಕು, ಸಂಗೀತ ಇಳಿದಿರಬೇಕು, ಯಾರೂ ಅಳುತ್ತಿರಬಾರದು. ಪಾಜ್ ಒತ್ತಿ ಎದ್ದುಬಿಡಿ. ಕೂತುಕೊಂಡೇ ಪಾಜ್ ಒತ್ತಿದರೆ ಎರಡು ನಿಮಿಷದಲ್ಲಿ ಕೈ ತಾನಾಗಿ ಮತ್ತೆ ಒತ್ತುತ್ತದೆ. ಎದ್ದು ಹಾಲು ಫ್ರಿಜ್‌ನಲ್ಲಿ ಇಟ್ಟು ಬನ್ನಿ. ಗೇಟಿಗೆ ಬೀಗ ಹಾಕಿ. ವಾಪಸ್ ಬಂದು ಪರದೆ ನೋಡಿದರೆ ಯಾರೋ ಗೊತ್ತಿಲ್ಲದವನು ಕಾರಿನ ಕಿಟಕಿಯಿಂದ ಹೊರಗೆ ನೋಡುತ್ತಿರುತ್ತಾನೆ. ಅವನಿಗೋಸ್ಕರ ನಿದ್ದೆ ಕೆಡಿಸಿಕೊಳ್ಳುವಷ್ಟು ಪ್ರೀತಿ ಯಾರಿಗಿದೆ?

ಮೊದಲ ಸಲ ಮಾಡುವವರು ಎರಡು ತಪ್ಪು ಮಾಡುತ್ತಾರೆ. ಒಂದು, ಸಪ್ಪೆ ದೃಶ್ಯಕ್ಕೆ ಕಾಯುತ್ತಾ ಕಾಯುತ್ತಾ ಮೂವತ್ತನೇ ನಿಮಿಷ ದಾಟುವುದು. ಅಲ್ಲಿಂದ ಮುಂದೆ ಏರು. ಇಳಿಯುವ ಜಾಗ ಮತ್ತೆ ಸಿಗುವುದು ಮುಂದಿನ ಕಂತಿನಲ್ಲೇ. ಇಪ್ಪತ್ತನೇ ನಿಮಿಷಕ್ಕೆ ಎಂಥ ದೃಶ್ಯವೇ ಇರಲಿ ಏಳಿ. ಇನ್ನೊಂದು, ಮಾತಿನ ನಡುವೆ ನಿಲ್ಲಿಸುವುದು. ಅರ್ಧ ಕೇಳಿದ ವಾಕ್ಯ ರಾತ್ರಿಯೆಲ್ಲ ಕಿವಿಯಲ್ಲಿ ಉಳಿಯುತ್ತದೆ.

ಮುಂದಿನ ಸಲ ಹಾಕುವಾಗ ಹತ್ತು ಸೆಕೆಂಡ್ ಹಿಂದೆ ಹೋಗುವ ಬಟನ್ ಆರು ಸಲ ಒತ್ತಿ. ಒಂದು ನಿಮಿಷ ಹಿಂದಿನಿಂದ ಶುರುವಾದರೆ ಯಾರು ಎಲ್ಲಿದ್ದರು ಅಂತ ನೆನಪಾಗುತ್ತದೆ. 'ಸ್ಕಿಪ್ ರೀಕ್ಯಾಪ್' ಬಂದರೆ ಒತ್ತಬೇಡಿ, ನಾಲ್ಕು ದಿನ ಬಿಟ್ಟು ನೋಡುವವರಿಗೋಸ್ಕರವೇ ಆ ಹಿಂದಿನ ಕಥೆಯ ಸಾರಾಂಶ ಇರುವುದು. 'ಇಡೀ ಸೀಸನ್ ಹತ್ತು ನಿಮಿಷದಲ್ಲಿ' ಅನ್ನುವ ಯೂಟ್ಯೂಬ್ ವಿಡಿಯೊಗಳ ಹತ್ತಿರ ಸುಳಿಯಬೇಡಿ. ಅವರು ಮುಂದಿನದನ್ನೂ ಹೇಳಿಬಿಡುತ್ತಾರೆ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಸಮಯ ಉಳಿಸುವವರ ಬಗ್ಗೆ ನನಗೆ ಹೇಳುವುದೇನೂ ಇಲ್ಲ. ಅವರು ಸಂಗೀತವನ್ನೂ ಹಾಗೇ ಕೇಳುತ್ತಾರೋ ಏನೋ.

ಬಿಟ್ಟು ಬಿಟ್ಟು ನೋಡಿದರೆ ನೆನಪಿರುತ್ತದೆಯೇ ಅಂತ ಕೇಳುತ್ತಾರೆ. ಮೆಲ್ಬರ್ನ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ್ದಾರೆ. ಒಂದೇ ಸೀರೀಸ್‌ನ ಆರು ಕಂತುಗಳನ್ನು ಒಂದು ಗುಂಪಿಗೆ ಒಂದೇ ಸಲ, ಇನ್ನೊಂದಕ್ಕೆ ದಿನಕ್ಕೊಂದು, ಮತ್ತೊಂದಕ್ಕೆ ವಾರಕ್ಕೊಂದು ತೋರಿಸಿದರು. ಮರುದಿನ ಕೇಳಿದಾಗ ಒಂದೇ ಸಲ ನೋಡಿದವರಿಗೇ ಚೆನ್ನಾಗಿ ನೆನಪಿತ್ತು. 140 ದಿನ ಕಳೆದು ಕೇಳಿದರೆ ಅತಿ ಹೆಚ್ಚು ಮರೆತವರೂ ಅವರೇ. ನೋಡಿದ ಖುಷಿಯೂ ಅವರಿಗೆ ಉಳಿದವರಿಗಿಂತ ಕಡಿಮೆ. ತಮ್ಮನಿಗೆ ಇದನ್ನು ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಹಂತ 4: ಮನೆಯವರಿಗೆಲ್ಲ ಒಂದೇ ಪ್ರೊಫೈಲ್

ಗಂಡ ಹೆಂಡತಿ ಸೇರಿ ನೋಡುವ ಸೀರೀಸ್‌ಗೆ ಬೇರೆ ಒಂದು ಪ್ರೊಫೈಲ್ ಮಾಡಿ, 'ಮನೆ' ಅಂತ ಹೆಸರಿಡಿ. ನಿಲ್ಲಿಸಿದ ಜಾಗ ಅಲ್ಲೇ ಉಳಿಯುತ್ತದೆ. ಯಾರಾದರೂ ಕದ್ದು ನೋಡಿದರೆ, ಎಲ್ಲಿಯ ತನಕ ನೋಡಿದ್ದು ಅಂತ ತೋರಿಸುವ ಕೆಂಪು ಗೆರೆ ಮುಂದೆ ಹೋಗಿರುತ್ತದೆ. "ರೀ, ನಾಲ್ಕನೇ ಕಂತು ಯಾರು ನೋಡಿದ್ದು?" ಅಂದಾಗ ನಮ್ಮನೆಯವರು ಪೇಪರ್ ಹಿಂದೆ ಅವಿತುಕೊಂಡಿದ್ದು ಒಂದೇ ಸಲ.

ಮಕ್ಕಳು ಅಮೆರಿಕದಲ್ಲಿದ್ದರೆ ಇನ್ನೊಂದು ಗಮನಿಸಿ. ನೆಟ್‌ಫ್ಲಿಕ್ಸ್ ತನ್ನದೇ ಸೀರೀಸ್‌ಗಳನ್ನು ಸಾಮಾನ್ಯವಾಗಿ ಕ್ಯಾಲಿಫೋರ್ನಿಯದ ನಡುರಾತ್ರಿಗೆ ಬಿಡುತ್ತದೆ. ನಮಗಾಗ ಮಧ್ಯಾಹ್ನ 12.30, ಅವರ ಚಳಿಗಾಲದಲ್ಲಿ 1.30. ನಾವು ಊಟ ಮಾಡುತ್ತಾ ನೋಡಿಬಿಡುತ್ತೇವೆ, ಅವರಿನ್ನೂ ನಿದ್ದೆಯಲ್ಲಿರುತ್ತಾರೆ. ಫ್ಯಾಮಿಲಿ ಗ್ರೂಪಿನಲ್ಲಿ ಅವಸರಪಟ್ಟು ಏನೂ ಬರೆಯಬೇಡಿ. 'ಸ್ಕ್ವಿಡ್ ಗೇಮ್' 2021ರ ಸೆಪ್ಟೆಂಬರ್ 17ರಂದು ಒಂಬತ್ತೂ ಕಂತು ಒಟ್ಟಿಗೆ ಬಂದಾಗ, ನಾನು ಮೂರನೆಯದರಲ್ಲಿ ಇರುವಾಗಲೇ ಕೊನೆ ಏನಾಗುತ್ತದೆ ಅಂತ ಗ್ರೂಪಿನಲ್ಲಿ ಓದಿದೆ. ಬರೆದವರು ನನ್ನ ಚಿಕ್ಕಮ್ಮ. ಬೈಯುವ ಹಾಗೂ ಇಲ್ಲ.

ಹಂತ 5: ವಾರಕ್ಕೊಂದು ಬರುವುದಾದರೆ ದುಡ್ಡಿನ ಲೆಕ್ಕ

ವಾರ ವಾರ ಬರುವುದರಲ್ಲಿ ಕಂಪನಿಗೆ ಲಾಭ ಎಲ್ಲಿದೆ ಅಂತ ಗೊತ್ತಾದರೆ ನಮ್ಮ ಲಾಭವೂ ಕಾಣುತ್ತದೆ. ಎಂಟು ಕಂತು ಅಂದುಕೊಳ್ಳಿ. ಮೊದಲ ದಿನ ಮೂರು, ಆಮೇಲೆ ವಾರಕ್ಕೊಂದು. ಕೊನೆಯ ಕಂತು ಬರುವುದು 35 ದಿನ ಕಳೆದ ಮೇಲೆ. ಮೊದಲ ದಿನವೇ ತಿಂಗಳ ಚಂದಾ ಕಟ್ಟಿದವರು ಕೊನೆಯದಕ್ಕೋಸ್ಕರ ಇನ್ನೊಂದು ತಿಂಗಳು ಕಟ್ಟಬೇಕು. ಒಂದು ವಾರ ತಡೆದು ಕಟ್ಟಿ. ಆಗ ಕೊನೆಯದು 28ನೇ ದಿನಕ್ಕೆ ಬರುತ್ತದೆ, ಒಂದೇ ತಿಂಗಳಲ್ಲಿ ಮುಗಿಯುತ್ತದೆ.

ಇನ್ನೂ ತಾಳ್ಮೆ ಇದ್ದವರು ಪೂರ್ತಿ ಬರುವ ತನಕ ಕಾಯಬಹುದು. ಅಮ್ಮ ಹಾಗೇ ಮಾಡುತ್ತಿದ್ದಳು. 'ಸುಧಾ', 'ತರಂಗ'ದಲ್ಲಿ ಬರುತ್ತಿದ್ದ ಧಾರಾವಾಹಿಯ ಪುಟಗಳನ್ನು ವಾರ ವಾರ ಕಿತ್ತು ಟ್ರಂಕಿನಲ್ಲಿ ಇಡುತ್ತಿದ್ದಳು. ಮುಗಿದ ಮೇಲೆ ದಬ್ಬಣದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿದರೆ ಪುಸ್ತಕ. ಓಣಿಯವರೆಲ್ಲ ಎರವಲು ಒಯ್ಯುತ್ತಿದ್ದರು. ಆದರೆ ಕಿತ್ತು ಇಡುವ ಮೊದಲು ಆ ವಾರದ್ದನ್ನು ಓದದೆ ಇಟ್ಟಿದ್ದನ್ನು ನಾನಂತೂ ನೋಡಿಲ್ಲ.

ಮೊಬೈಲ್ ಡೇಟಾದಲ್ಲಿ ನೋಡುವವರಿಗೆ ಒಂದು ಮಾತು. ನೆಟ್‌ಫ್ಲಿಕ್ಸ್ ಹೇಳುವ ಲೆಕ್ಕದಲ್ಲಿ ಎಚ್‌ಡಿ ಗಂಟೆಗೆ 3 ಜಿಬಿ ತನಕ ತಿನ್ನುತ್ತದೆ, ಸಾಧಾರಣ ಗುಣಮಟ್ಟದ್ದು 1 ಜಿಬಿ ತನಕ. ಐವತ್ತು ನಿಮಿಷದ ಎಂಟು ಕಂತು ಎಚ್‌ಡಿಯಲ್ಲಿ ಒಂದೇ ರಾತ್ರಿ ನೋಡಿದರೆ ಹೆಚ್ಚುಕಡಿಮೆ 20 ಜಿಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನವರು ಒಂದು ಕಂತಿಗೆ, ಅದೂ ಸಾಧಾರಣ ಗುಣಮಟ್ಟಕ್ಕೆ, ಸುಮ್ನೆ ಒಪ್ಪಿಕೊಳ್ಳಿ.

ಕೊನೆಯ ಎರಡು ಕಂತು

ಇವೆರಡಕ್ಕೆ ಮಾತ್ರ ಮೇಲಿನ ಯಾವ ನಿಯಮವೂ ಇಲ್ಲ. ಒಟ್ಟಿಗೆ ನೋಡಿ. ಶನಿವಾರ ಸಂಜೆ ಏಳಕ್ಕೆ ಕೂರಿ, ಒಂಬತ್ತಕ್ಕೆ ಮುಗಿಯುತ್ತದೆ. ಅಡುಗೆ ಮೊದಲೇ ಮಾಡಿಟ್ಟಿರಿ. ಚಿತ್ರಾನ್ನ ಸಾಕು, ಸಾರು ಬೇಡ, ಬಿಸಿ ಮಾಡಲು ಏಳಬೇಕಾಗುತ್ತದೆ. ಮುಗಿದ ಕೂಡಲೇ ಮುಂದಿನ ಸೀರೀಸ್‌ನ ಟ್ರೇಲರ್ ಶುರುವಾಗುತ್ತದೆ. ಅದು ಓಡುತ್ತಿರುವಾಗಲೇ ಮೊಬೈಲ್ ತೆಗೆದು ಚಂದಾದ ಆಟೊಪೇ ರದ್ದು ಮಾಡಿ. ತಿಂಗಳು ಮುಗಿಯುವ ತನಕ ನೋಡುವುದಕ್ಕೆ ಅಡ್ಡಿಯಿಲ್ಲ.