ಬೇಕಾದ ಫೀಲ್ಡ್‌ಗಳನ್ನಷ್ಟೇ ತರಿಸಿಕೊಂಡ ಬಗೆ: ನನ್ನ ಅನುಭವ

ಕಲಬುರಗಿಯ ಖಾಸಗಿ ಗ್ರಂಥಾಲಯವೊಂದರ ಹಳೆಯ ಕನ್ನಡ, ಉರ್ದು, ಮರಾಠಿ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಒಂದೊಂದರ ಪೂರ್ಣ ಪಠ್ಯವನ್ನೂ ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ತಂತ್ರಾಂಶದಲ್ಲಿ ಒಂದೊಂದು ಡಾಕ್ಯುಮೆಂಟ್ (ದಾಖಲೆ) ಆಗಿ ಇಟ್ಟಿದ್ದೇನೆ. ಫಲಿತಾಂಶದ ಪಟ್ಟಿಗೆ ಬೇಕಾದದ್ದು ಶೀರ್ಷಿಕೆ, ಲೇಖಕರು, ವರ್ಷ ಮತ್ತು ಕಪಾಟಿನ ಸಂಖ್ಯೆ ಎಂಬ ಫೀಲ್ಡ್‌ಗಳು (ಮಾಹಿತಿಯ ಅಂಕಣಗಳು) ಮಾತ್ರ. ಆದರೆ ಐವತ್ತು ಫಲಿತಾಂಶ ಕೇಳಿದರೆ ಐವತ್ತು ಪುಸ್ತಕಗಳೇ ಇಡಿಯಾಗಿ ಬರುತ್ತಿದ್ದವು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ ಒಂದು ಉತ್ತರವೇ ಸುಮಾರು 60 ಎಂಬಿ ಮುಟ್ಟುತ್ತಿತ್ತು. ತಿಂಗಳಿಗೆ ಏಳು ಸಾವಿರದ ಆಸುಪಾಸಿನ ಸರ್ವರ್ ಬಿಟ್ಟು ಹದಿನೆಂಟು ಸಾವಿರದ್ದನ್ನು ತೆಗೆದುಕೊಳ್ಳದೆ ಗತ್ಯಂತರವಿಲ್ಲ ಎಂದು ಸಲಹೆಗಾರರೊಬ್ಬರು ಖಚಿತವಾಗಿ ಹೇಳಿದ್ದರು.

ಎಲ್ಲರೂ ಮಾಡುವಂತೆ ಮೊದಲು ಸೋರ್ಸ್ ಫಿಲ್ಟರಿಂಗ್ ಹಾಕಿದೆ: ಡಾಕ್ಯುಮೆಂಟ್‌ನ ಮೂಲ ಪ್ರತಿಯಿಂದ (ಸೋರ್ಸ್) ಬೇಕಾದ ಫೀಲ್ಡ್‌ಗಳನ್ನಷ್ಟೇ ಆರಿಸಿ ಕಳುಹಿಸುವ ವಿಧಾನ. ಉತ್ತರದ ಗಾತ್ರ ಕೆಲವೇ ಕೆಬಿಗೆ ಇಳಿಯಿತಾದರೂ ಕಾಯುವ ಸಮಯ ಎರಡು ಸೆಕೆಂಡಿನ ಕೆಳಗೆ ಬರಲಿಲ್ಲ. ಹಿಡಿ ತೊಗರಿ ಕೇಳಿದವನಿಗೆ ಇಡೀ ಮೂಟೆ ಬಿಚ್ಚಿ ಸುರಿದು ಕೊಡುವಂತೆ, ಅದು ಪೂರ್ಣ ಸೋರ್ಸ್ ಅನ್ನು ಡಿಸ್ಕ್‌ನಿಂದ ಓದಿ, ಬಿಡಿಸಿ, ಆಮೇಲೆ ಸೋಸುತ್ತದೆ. ಪಠ್ಯವನ್ನು ಮ್ಯಾಪಿಂಗ್‌ನಲ್ಲೇ (ಫೀಲ್ಡ್‌ಗಳ ವಿನ್ಯಾಸದಲ್ಲೇ) ಸೋರ್ಸ್‌ನಿಂದ ಹೊರಗಿಡುವ ಸಲಹೆಯೂ ಬಂದಿತ್ತು. ಹಾಗೆ ಮಾಡಿದರೆ ಮುಂದೆ ರೀಇಂಡೆಕ್ಸ್ ಮಾಡುವಾಗ (ಸೂಚಿಯನ್ನು ಹೊಸದಾಗಿ ಕಟ್ಟುವಾಗ) ಆ ಪಠ್ಯವೇ ಸಿಗುವುದಿಲ್ಲವಾದ್ದರಿಂದ ಅದರ ಗೋಜಿಗೆ ಹೋಗಲಿಲ್ಲ.

ಕೊನೆಗೆ ಕೈಹಿಡಿದದ್ದು ಡಾಕ್‌ವ್ಯಾಲ್ಯೂ ಫೀಲ್ಡ್ಸ್: ಸೋರ್ಸ್ ಮುಟ್ಟದೆ, ಫೀಲ್ಡ್‌ವಾರು ಬೇರೆಯಾಗಿ ಇಟ್ಟಿರುವ ಮೌಲ್ಯಗಳನ್ನು ಓದುವ ಸೌಲಭ್ಯ. ಪಟ್ಟಿಗೆ ಬೇಕಾದುದನ್ನೆಲ್ಲ ಕೀವರ್ಡ್ (ಪದಗಳಾಗಿ ಒಡೆಯದೆ ಇಡಿಯಾಗಿ ಇಡುವ ಬಗೆ) ಅಥವಾ ಸಂಖ್ಯೆಯಾಗಿಸಿ, ಸೋರ್ಸ್‌ಗೆ ಫಾಲ್ಸ್ ಕೊಟ್ಟು, ಸ್ಟೋರ್ಡ್ ಫೀಲ್ಡ್ಸ್ (ಪ್ರತ್ಯೇಕವಾಗಿ ಉಳಿಸಿದ ಫೀಲ್ಡ್‌ಗಳು) ಅನ್ನೂ _none_ ಎಂದು ಮುಚ್ಚಿದೆ. ಆಗ ಡಾಕ್ಯುಮೆಂಟ್‌ನ ಐಡಿ (ಗುರುತು) ಕೂಡ ಬರುವುದಿಲ್ಲ. ಹಾಗಾಗಿ ಪುಸ್ತಕದ ಗುರುತನ್ನು ಪ್ರತ್ಯೇಕ ಕೀವರ್ಡ್ ಫೀಲ್ಡ್‌ನಲ್ಲಿ ಇಟ್ಟಿರಬೇಕು. ಅದೇ ಹಳೆಯ ಸರ್ವರ್‌ನಲ್ಲಿ ಈಗ ಉತ್ತರ ಹೆಚ್ಚುಕಡಿಮೆ 150 ಮಿಲಿಸೆಕೆಂಡಿಗೆ ಬರುತ್ತಿದೆ. ಸಲಹೆಗಾರರು ಅದನ್ನು ಕ್ಯಾಶ್‌ನ (ಹಿಂದೆ ಓದಿದ್ದರ ತಾತ್ಕಾಲಿಕ ಸಂಗ್ರಹದ) ಕೃಪೆ ಎಂದರು. ಸರ್ವರ್ ನಿಲ್ಲಿಸಿ, ಮತ್ತೆ ಶುರುಮಾಡಿ ತೋರಿಸಿದ ಮೇಲೆ ಸುಮ್ಮನಾದರು.

ಇದರಲ್ಲೂ ಒಂದು ತೊಡಕಿದೆ. ಒಂದಕ್ಕಿಂತ ಹೆಚ್ಚು ಮೌಲ್ಯಗಳಿರುವ ಕೀವರ್ಡ್ ಫೀಲ್ಡ್‌ನ ಡಾಕ್‌ವ್ಯಾಲ್ಯೂಗಳು ಅಕ್ಷರಕ್ರಮದಲ್ಲಿ, ಪುನರಾವರ್ತನೆ ಕಳೆದುಕೊಂಡು ಬರುತ್ತವೆ. ಹೀಗಾಗಿ ಮುಖಪುಟದಲ್ಲಿ ಮೊದಲಿದ್ದ ಸಂಪಾದಕರ ಹೆಸರು ಪಟ್ಟಿಯಲ್ಲಿ ಮೂರನೆಯದಾಗಿತ್ತು. ಕುತೂಹಲಕ್ಕೆ ಸೋಲರ್ ಎಂಬ ಇನ್ನೊಂದು ಹುಡುಕಾಟದ ತಂತ್ರಾಂಶದಲ್ಲಿ, ಬೇಕಾದ ಫೀಲ್ಡ್‌ಗಳನ್ನು ಹೆಸರಿಸುವ ಎಫ್‌ಎಲ್‌ನಲ್ಲಿಯೂ ಪ್ರಯತ್ನಿಸಿದೆ. ಡಾಕ್‌ವ್ಯಾಲ್ಯೂ ಬಳಸಿದಾಗ ಅಲ್ಲಿಯೂ ಇದೇ ಕಥೆ. ಹೆಸರುಗಳನ್ನೆಲ್ಲ ಸೇರಿಸಿ, ಪ್ರದರ್ಶನಕ್ಕೆಂದೇ ಒಂದು ಕೀವರ್ಡ್ ಫೀಲ್ಡ್ ಮಾಡಿದ್ದರಿಂದ ಕ್ರಮ ಸರಿಯಾಯಿತು. ಫೀಲ್ಡ್‌ಗಳ ಬಗೆಯನ್ನು ತಾನೇ ಊಹಿಸುವ ಡೈನಮಿಕ್ ಮ್ಯಾಪಿಂಗ್ ನೆಚ್ಚಿಕೊಂಡವರು 256 ಅಕ್ಷರ ಮೀರಿದ ಮೌಲ್ಯವನ್ನು ಕೀವರ್ಡ್‌ಗೆ ಸೇರಿಸದ ಇಗ್ನೋರ್ ಅಬೌವ್ ಮಿತಿಯನ್ನೂ ಗಮನಿಸಬೇಕು. ಹಳೆಯ ಪುಸ್ತಕಗಳ ಉದ್ದುದ್ದ ಶೀರ್ಷಿಕೆಗಳು ಅಲ್ಲಿ ಸದ್ದಿಲ್ಲದೆ ಮಾಯವಾಗುತ್ತವೆ.

ಹುಡುಕಿದ ಪದವಿರುವ ವಾಕ್ಯವನ್ನು ಎತ್ತಿ ತೋರಿಸುವ ಹೈಲೈಟ್‌ಗೆ ಮಾತ್ರ ಪಠ್ಯ ಬೇಕೇ ಬೇಕು. ಅದನ್ನು ಪಟ್ಟಿಯಿಂದ ತೆಗೆದು, ಓದುಗರು ಪುಸ್ತಕ ತೆರೆದಾಗ ಕೇಳುವಂತೆ ಮಾಡಿದ್ದೇನೆ. ಅಲ್ಲಿ ವಾಕ್ಯವನ್ನು ಥಟ್ಟನೆ ತೋರಿಸಲು ಮಾಡಿಕೊಂಡ ಉಪಾಯವನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಬೀದರ್‌ನ ಇನ್ನೊಂದು ಗ್ರಂಥಾಲಯದ ಕೆಲಸಕ್ಕೆ ನನ್ನ ದರ ತಿಳಿಸುವುದು ಇನ್ನೂ ಬಾಕಿಯಿದೆಯಲ್ಲ.